ಅಂಗಡಿಯವನ ಪಾಲು ನೂರಕ್ಕೆ ಮೂವತ್ತು

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ. ಹತ್ತೂವರೆ ಆಗಿರಬೇಕು, ಹೊರಗೆ ಸಾಗರದ ಮಳೆ. ಬೆಂಗಳೂರಿನಿಂದ ಅಕ್ಕನ ಮಗನ ಫೋನ್.

"ಚಿಕ್ಕಿ, ಬಂತು!"

"ಏನು ಬಂತೋ?"

"ಆಟ. ಅಂಗಡಿಗೆ ಬಂತು. ಈಗಷ್ಟೇ ಬಟನ್ ಒತ್ತಿದೆ. ನೀನೂ ಒಂದು ತಗೋ. ಆದ್ರೆ ಅಮ್ಮನಿಗೆ ಈಗಲೇ ಹೇಳ್ಬೇಡ."

ಮೂರು ವರ್ಷ ಅವನು ಮಾಡುತ್ತಿದ್ದದ್ದು ಇದನ್ನೇ. ಕೈತುಂಬ ಸಂಬಳದ ಕೆಲಸ ಬಿಟ್ಟು, ಬನಶಂಕರಿ ಕಡೆ ಒಂದು ಕೋಣೆ ಬಾಡಿಗೆ ಹಿಡಿದು, ಇನ್ನೊಬ್ಬ ಗೆಳೆಯನ ಜೊತೆ ಕೂತು ಒಂದು ಕಂಪ್ಯೂಟರ್ ಆಟ ತಯಾರಿಸಿದ್ದ. ಅಕ್ಕ ಅವನ ಜೊತೆ ಸರಿಯಾಗಿ ಮಾತಾಡದೆ ಎಂಟು ತಿಂಗಳಾಗಿತ್ತು. ನಾನು ಮಾತ್ರ ಗುಟ್ಟಾಗಿ ಎರಡು ಲಕ್ಷ ಕೊಟ್ಟಿದ್ದೆ. ಹಲಸಿನ ಹಪ್ಪಳದಲ್ಲಿ ಕೂಡಿಟ್ಟ ದುಡ್ಡು. ಅಕ್ಕನಿಗೆ ಅದು ಇವತ್ತಿಗೂ ಪೂರ್ತಿ ಗೊತ್ತಿಲ್ಲ, ಈ ಬರಹ ಓದಿದರೆ ಗೊತ್ತಾಗುತ್ತದೆ. ಆಗಲಿ.

ಆಟದ ಹೆಸರು ಇಲ್ಲಿ ಬರೆಯುವುದಿಲ್ಲ. "ಜಾಹೀರಾತು ಅಂದ್ಕೋತಾರೆ ಚಿಕ್ಕಿ, ಬೇಡ" ಅಂತ ಅವನೇ ಹೇಳಿದ್ದಾನೆ. ವಿಷಯ ಇಷ್ಟು: ಮಲೆನಾಡಿನ ಒಂದು ಮನೆ, ಅಂಗಳದ ಅಟ್ಟದ ಮೇಲೆ ಬೇಯಿಸಿ ಹರವಿದ ಅಡಿಕೆ, ದೀಪಾವಳಿ ಕಳೆದ ಮೇಲೂ ಬಿಡದ ಅಕಾಲದ ಮಳೆ. ಮೋಡ ನೋಡಿಕೊಂಡು ಅಡಿಕೆ ಉಳಿಸಿಕೊಳ್ಳಬೇಕು. ನಡುವೆ ಆ ಮನೆಯ ಅಜ್ಜಿಯ ಕಥೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಆಡಿ ಮುಗಿಸಲು ಎರಡು ಗಂಟೆ ಸಾಕು. ಈ ಎರಡು ಗಂಟೆ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅವನು 'ಅಂಗಡಿ' ಅಂದದ್ದು ಸ್ಟೀಮ್ ಎಂಬ ಅಂತರ್ಜಾಲದ ಅಂಗಡಿಯನ್ನು. ಮೊಬೈಲಿನಲ್ಲಿ ಪ್ಲೇಸ್ಟೋರ್ ಇದ್ದ ಹಾಗೆ ಕಂಪ್ಯೂಟರ್ ಆಟಗಳಿಗೆ ಸ್ಟೀಮ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಲ್ವ್ ಎಂಬ ಕಂಪನಿ 2003ರಲ್ಲಿ ಇದನ್ನು ತೆರೆಯಿತು. ಮರುವರ್ಷ ಬಂದ 'ಹಾಫ್ ಲೈಫ್ 2' ಎಂಬ ಆಟದ ಡಬ್ಬಿಯನ್ನು ಅಂಗಡಿಯಲ್ಲಿ ಕೊಂಡರೂ, ಆಡಬೇಕಾದರೆ ಸ್ಟೀಮ್ ಹಾಕಿಕೊಳ್ಳಲೇಬೇಕಿತ್ತು. ಡಿಸ್ಕ್ ಕೊಂಡ ಮೇಲೂ ಇಂಟರ್ನೆಟ್ಟಿನ ಅಪ್ಪಣೆ ಯಾಕೆ ಅಂತ ಜನ ಬೈದರಂತೆ. ಇವತ್ತು ಕಂಪ್ಯೂಟರ್ ಆಟ ಮಾರುವ ಅಂಗಡಿಗಳಲ್ಲಿ ಅದೇ ಯಜಮಾನ. ನಮ್ಮಲ್ಲಿ ಆಗ ಅಂಥ ತಲೆಬಿಸಿಯೇ ಇರಲಿಲ್ಲ. ಈ ಮಾಣಿ ಹೈಸ್ಕೂಲಿನಲ್ಲಿದ್ದಾಗ ಮೆಜೆಸ್ಟಿಕ್ ಕಡೆಯಿಂದ ಯಾರೋ ತಂದ ನಕಲಿ ಸೀಡಿಯೇ ಊರೆಲ್ಲ ಸುತ್ತುತ್ತಿತ್ತು. ಈಗ ಅವನದೇ ಆಟ ಮಾರಾಟಕ್ಕಿದೆ. ಆ ಮಾತು ಎತ್ತಿದರೆ ತಲೆ ತಗ್ಗಿಸುತ್ತಾನೆ.

ಕೊಳ್ಳಲು ಹೊರಟ ನನ್ನ ಪಾಡನ್ನೂ ಹೇಳಿಬಿಡುತ್ತೇನೆ. ಈ ಅಂಗಡಿಗಳ ಬಗ್ಗೆ ನನಗೆ ಮೊದಲೇ ಒಂದು ಹೆದರಿಕೆ ಇತ್ತು. ಎರಡು ವರ್ಷದ ಹಿಂದೆ ಮೈದುನನ ಮಗನ ಹುಟ್ಟುಹಬ್ಬಕ್ಕೆ ಅಂತ ಇಂಥದ್ದೇ ಒಂದು ಅಂಗಡಿಯಲ್ಲಿ, ಹೆಸರು ಬೇಡ, 499 ರೂಪಾಯಿ ಕೊಟ್ಟು ಆಟ ಕೊಂಡಿದ್ದೆ. ಚಿತ್ರ ಅದೇ, ಹೆಸರೂ ಹೆಚ್ಚುಕಡಿಮೆ ಅದೇ. ಹುಡುಗ ತೆರೆದು ನೋಡಿದರೆ, 'ಮೂಲ ಆಟ ಬೇಕು' ಅನ್ನುತ್ತಿದೆ! ನಾನು ಕೊಂಡಿದ್ದು ಆಟವಲ್ಲ, ಆಟಕ್ಕೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ. ಮಿಕ್ಸಿ ಅಂತ ತಂದು ಬಿಚ್ಚಿದರೆ ಒಳಗೆ ಬರೀ ಚಟ್ನಿ ಜಾರ್ ಇದ್ದ ಹಾಗೆ. ಆ ಮಾತನ್ನು ಪುಟದಲ್ಲಿ ಹಾಕಿದ್ದರಂತೆ, ಸಣ್ಣ ಅಕ್ಷರದಲ್ಲಿ, ಬೂದು ಬಣ್ಣದಲ್ಲಿ. 'ಕೊಳ್ಳಿ' ಅನ್ನುವ ಬಟನ್ ಮಾತ್ರ ಅಂಗೈಯಷ್ಟು ದೊಡ್ಡದು. ದುಡ್ಡು ವಾಪಸ್ ಬರಲು ಹನ್ನೊಂದು ದಿನ ಹಿಡಿಯಿತು, ಅಷ್ಟರಲ್ಲಿ ಹುಟ್ಟುಹಬ್ಬ ಮುಗಿದು ಹೋಗಿತ್ತು.

ಹಾಗಾಗಿ ಈ ಸಲ ಲ್ಯಾಪ್‌ಟಾಪ್ ಮುಂದೆ ಕನ್ನಡಕ ಹಾಕಿಕೊಂಡೇ ಕೂತೆ. ಸ್ಟೀಮಿನ ಮುಖಪುಟ ನೋಡಿದರೆ ಗಣಪತಿ ಜಾತ್ರೆಯ ಸಂತೆ ನೆನಪಾಗುತ್ತದೆ. ಎಲ್ಲ ಕಡೆಯಿಂದ ಎಲ್ಲರೂ ಕೂಗುವವರೇ. ಅಂಗಡಿಯ ಫಲಕ, ಬಟನ್ನು, ಸೂಚನೆ ಎಲ್ಲ ಇಂಗ್ಲಿಷಿನಲ್ಲೋ ಇನ್ಯಾವ ದೇಶದ ಭಾಷೆಯಲ್ಲೋ. ಭಾಷೆಗಳ ಪಟ್ಟಿಯಲ್ಲಿ ಥಾಯ್ ಇದೆ, ವಿಯೆಟ್ನಾಮಿ ಇದೆ. ಕನ್ನಡ ಬಿಡಿ, ಹಿಂದಿಯೂ ಕಾಣಲಿಲ್ಲ. ಆದರೆ ದುಡ್ಡು ಕಟ್ಟುವ ಜಾಗಕ್ಕೆ ಬಂದರೆ ಎಲ್ಲ ನಮ್ಮದೇ. 2015ರಿಂದಲೂ ಬೆಲೆ ರೂಪಾಯಿಯಲ್ಲಿದೆ, ಯುಪಿಐ ಕೂಡ ನಡೆಯುತ್ತದೆ. ಹುಡುಕುವುದು ಸಲೀಸು, ಬೇಕಾದ್ದನ್ನು 'ವಿಶ್‌ಲಿಸ್ಟ್' ಎಂಬ ಬುಟ್ಟಿಯಲ್ಲಿ ಎತ್ತಿಡಬಹುದು, ಬೆಲೆ ಇಳಿದಾಗ ಅವರೇ ಮೇಲ್ ಕಳಿಸುತ್ತಾರೆ. ಕೊಂಡವರ ಅಭಿಪ್ರಾಯವನ್ನು, ಅವರು ಎಷ್ಟು ಗಂಟೆ ಆಡಿ ಆ ಮಾತು ಬರೆದರು ಎಂಬುದರ ಸಮೇತ ತೋರಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಹಪ್ಪಳ ಕರಿಯದೇ 'ರುಚಿ ಇಲ್ಲ' ಅನ್ನುವವರಿಗೂ ಹೀಗೊಂದು ಮೀಟರ್ ಇಟ್ಟಿದ್ದರೆ!

ಎಲ್ಲ ಅಂಗಡಿಯೂ ಇಷ್ಟು ಅಚ್ಚುಕಟ್ಟಲ್ಲ. 2018ರ ಡಿಸೆಂಬರಿನಲ್ಲಿ ಎಪಿಕ್ ಗೇಮ್ಸ್ ಎಂಬ ಕಂಪನಿ ಸ್ಟೀಮಿಗೆ ಸಡ್ಡು ಹೊಡೆದು ಅಂಗಡಿ ತೆರೆಯಿತು. ತೆರೆದಾಗ ಅದರಲ್ಲಿ ಕಾರ್ಟ್ ಇರಲಿಲ್ಲ. ಮೂರು ಆಟ ಬೇಕಾದರೆ ಮೂರು ಸಲ ದುಡ್ಡು ಕಟ್ಟಬೇಕು. ಸಾಮಾನು ಹಾಕಿಕೊಳ್ಳುವ ಬುಟ್ಟಿಯನ್ನು ಅವರು ಕೊಟ್ಟದ್ದು 2021ರ ಡಿಸೆಂಬರಿನಲ್ಲಿ, ಭರ್ತಿ ಮೂರು ವರ್ಷದ ಮೇಲೆ. ಅದರ ಬದಲಿಗೆ ವಾರವಾರವೂ ಆಟಗಳನ್ನು ಪುಕ್ಕಟೆ ಕೊಟ್ಟರು, ಈಗಲೂ ಕೊಡುತ್ತಾರೆ. ಮೈದುನನ ಮಗ ಅವನ್ನೆಲ್ಲ ತಪ್ಪದೆ ಬಾಚಿಕೊಳ್ಳುತ್ತಾನೆ. ಆಡುವುದು ಮಾತ್ರ ಸ್ಟೀಮಿನಲ್ಲಿ ಕೊಂಡದ್ದನ್ನು.

ಇನ್ನು ದುಡ್ಡಿನ ಮಾತು. ನನಗೆ ನಿಜವಾಗಿ ಆಸಕ್ತಿ ಇದ್ದದ್ದೂ ಅದರಲ್ಲೇ.

"ಅಂಗಡಿಯವರು ಎಷ್ಟು ಹಿಡಕೊಳ್ತಾರೋ?" ಅಂತ ಕೇಳಿದೆ.

"ನೂರಕ್ಕೆ ಮೂವತ್ತು."

ನಾನು ನಕ್ಕುಬಿಟ್ಟೆ. ಮೈಸೂರಿನ ಒಂದು ಅಂಗಡಿಗೆ ನಾನು ಹಪ್ಪಳ ಕೊಡುವುದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಎಂಆರ್‌ಪಿ ಮೇಲೆ ಇಪ್ಪತ್ತೆಂಟು ಅವರ ಮಾರ್ಜಿನ್ನು. ಮುರಿದದ್ದು, ತಾರೀಖು ದಾಟಿದ್ದು ನನ್ನ ತಲೆಗೆ.

ಅವನ ಆಟದ ಬೆಲೆ 295 ರೂಪಾಯಿ. ಅದರಲ್ಲಿ ಜಿಎಸ್‌ಟಿ ನೂರಕ್ಕೆ ಹದಿನೆಂಟು, ಅಂದರೆ 45 ರೂಪಾಯಿ ಸರಕಾರಕ್ಕೆ. ಉಳಿದ 250ರಲ್ಲಿ ಅಂಗಡಿಗೆ 75. ಇವನಿಗೆ 175. ಅದರಲ್ಲಿ ಗೆಳೆಯನದು ಅರ್ಧ. ಅದೇ ಆಟವನ್ನು ಎಪಿಕ್‌ನಲ್ಲಿ ಇಟ್ಟಿದ್ದರೆ ಅಂಗಡಿಯ ಪಾಲು ನೂರಕ್ಕೆ ಹನ್ನೆರಡು, ಅಂದರೆ 30 ರೂಪಾಯಿ, ಇವನಿಗೆ 220. 2025ರ ಜೂನ್‌ನಿಂದ ಎಪಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಆಟ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಗಳಿಸುವವರೆಗೆ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ ಎಂದಿದೆ. ಇಚ್ ಡಾಟ್ ಐಓ ಎಂದು ಇನ್ನೊಂದಿದೆ, ಸಣ್ಣವರ ಅಂಗಡಿ. ಅಲ್ಲಿ ಅಂಗಡಿಗೆ ಎಷ್ಟು ಕೊಡಬೇಕೆಂದು ಮಾರುವವನೇ ತೀರ್ಮಾನಿಸಬಹುದು. ಸುಮ್ಮನೆ ಬಿಟ್ಟರೆ ಹತ್ತು, ಮನಸ್ಸಿಲ್ಲದಿದ್ದರೆ ಸೊನ್ನೆ.

"ಮತ್ತೆ ಇಲ್ಯಾಕೆ ಮೂವತ್ತು ಕೊಡ್ತಾ ಕೂತಿದ್ಯಾ?"

"ಚಿಕ್ಕಿ, ಇಚ್‌ನಲ್ಲೂ ಇಟ್ಟಿದ್ದೇನೆ. ಮೊದಲ ತಿಂಗಳು ಅಲ್ಲಿ ಹೋದದ್ದು ಒಂಬತ್ತು."

ಇದು ನನಗೆ ಅರ್ಥವಾಗುವ ಮಾತು. ಊರಿನ ತುದಿಯ ಅಂಗಡಿಯವನು ಹತ್ತೇ ಕಮಿಷನ್ ಕೇಳುತ್ತಾನೆ ಅಂತ ಸರಕನ್ನೆಲ್ಲ ಅಲ್ಲಿ ಸುರಿದರೆ ಗಿರಾಕಿ ಬರಬೇಕಲ್ಲ? ಸ್ಟೀಮಿನಲ್ಲಿ ಗಿರಾಕಿ ಇದ್ದಾನೆ. ಅವನು ಹತ್ತು ವರ್ಷದಿಂದ ಕೊಂಡ ಆಟಗಳೆಲ್ಲ ಅಲ್ಲಿವೆ, ಗೆಳೆಯರು ಅಲ್ಲಿದ್ದಾರೆ, ಆಟ ಎಲ್ಲಿಗೆ ನಿಂತಿತ್ತು ಎಂಬ ಗುರುತೂ ಅಲ್ಲೇ ಇದೆ. ಅವನನ್ನು ಅಲ್ಲಿಂದ ಎಬ್ಬಿಸುವುದು ಸುಲಭವಲ್ಲ.

ಎಪಿಕ್‌ನವರು ಎಬ್ಬಿಸಲು ಮಾಡಿದ ಒಂದು ಉಪಾಯ ಕೇಳಿ ನನಗೆ ಅಪ್ಪನ ಕಾಲದ ಅಡಿಕೆ ಮಂಡಿ ನೆನಪಾಯಿತು. ಮಳೆಗಾಲದಲ್ಲಿ ಮನೆ ಖರ್ಚಿಗೆ ಅಪ್ಪ ಮಂಡಿ ಸಾಹುಕಾರರ ಹತ್ತಿರ ಮುಂಗಡ ತರುತ್ತಿದ್ದರು. ಕೊಯ್ಲಾದ ಮೇಲೆ ಅಡಿಕೆ ಅದೇ ಮಂಡಿಗೆ ಹೋಗಬೇಕು, ಬೇರೆ ಕಡೆ ದರ ಎಷ್ಟೇ ಏರಿರಲಿ. ಎಪಿಕ್ ಕೂಡ ಹಾಗೆಯೇ ಆಟ ಮಾಡುವವರಿಗೆ 'ಇಷ್ಟು ದುಡ್ಡು ಖಾತ್ರಿ' ಎಂದು ಮೊದಲೇ ಕೊಟ್ಟು, ಒಂದು ವರ್ಷ ನಮ್ಮಲ್ಲೇ ಮಾರಬೇಕು ಎಂದು ಕರಾರು ಮಾಡಿಕೊಂಡಿತು. 2019ರಲ್ಲಿ 'ಮೆಟ್ರೋ ಎಕ್ಸೋಡಸ್' ಎಂಬ ಆಟ ಸ್ಟೀಮಿನಲ್ಲಿ ಮುಂಗಡ ಬುಕಿಂಗ್ ನಡೆಯುತ್ತಿದ್ದಾಗಲೇ, ಬಿಡುಗಡೆಗೆ ಎರಡು ಮೂರು ವಾರವಿರುವಾಗ, ಎಪಿಕ್‌ಗೆ ಹಾರಿತು. ಆಡುವವರು ಕೆರಳಿ ಕೆಂಡವಾದರು. ಮಾಡಿದವರಿಗೆ ಮುಂಗಡ ಸಿಕ್ಕಿತ್ತು. ಅಪ್ಪನಿಗೂ ಸಿಗುತ್ತಿತ್ತು, ಅದಿಲ್ಲದಿದ್ದರೆ ನಾವು ಶಾಲೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಈ ವಿಷಯದಲ್ಲಿ ನಾನು ಯಾರನ್ನೂ ಪೂರ್ತಿ ಬೈಯಲಾರೆ.

ಮೂವತ್ತು ಎಂಬ ಅಂಕಿ ಎಲ್ಲ ಕಡೆಯೂ ಒಂದೇ ಯಾಕೆ ಇತ್ತು ಅಂತ ಕೇಳಿದರೆ ಮಾಣಿಗೂ ಸರಿಯಾದ ಉತ್ತರ ಬರಲಿಲ್ಲ. ಸ್ಟೀಮಿನದು ಮೂವತ್ತು, 2008ರಲ್ಲಿ ಆಪಲ್ ತೆರೆದ ಆಪ್ ಸ್ಟೋರಿನದೂ ಮೂವತ್ತು, ಗೂಗಲ್‌ನದೂ ಮೂವತ್ತು. ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದ ಕಾಲದಲ್ಲಿ ಡಿಸ್ಕು, ಲಾರಿ, ಪ್ರಕಾಶಕ, ಅಂಗಡಿ ಎಂದು ಹಂಚಿ ಮಾಡಿದವನ ಕೈಗೆ ಬರುತ್ತಿದ್ದದ್ದು ಚೂರು ಪಾರು. ಅದರ ಪಕ್ಕ ನೂರಕ್ಕೆ ಎಪ್ಪತ್ತು ಅಂದರೆ ಹಬ್ಬವೇ ಆಗಿತ್ತು. ಹಬ್ಬದ ಬಟ್ಟೆಯನ್ನೇ ದಿನಾ ಹಾಕಿಕೊಂಡರೆ ಅದು ಹಬ್ಬದ್ದು ಅಂತ ಯಾರಿಗೆ ಅನ್ನಿಸುತ್ತದೆ?

ಇಲ್ಲಿ ನನಗೆ ಸಿಟ್ಟು ಬರುವ ಒಂದು ಸಂಗತಿ ಇದೆ. 2018ರ ಕೊನೆಯಲ್ಲಿ ವಾಲ್ವ್ ತನ್ನ ಪಾಲನ್ನು ಇಳಿಸಿತು. ಯಾರಿಗೆ? ಒಂದು ಆಟದ ಗಳಿಕೆ ಒಂದು ಕೋಟಿ ಡಾಲರ್ ದಾಟಿದ ಮೇಲಿನ ದುಡ್ಡಿಗೆ ಇಪ್ಪತ್ತೈದು, ಐದು ಕೋಟಿ ಡಾಲರ್ ದಾಟಿದ ಮೇಲೆ ಇಪ್ಪತ್ತು. ಡಾಲರ್ ಲೆಕ್ಕದಲ್ಲಿ ಕೋಟಿ! ಅಂದರೆ ದೊಡ್ಡ ಕಂಪನಿ ಕಡಿಮೆ ಕೊಡುತ್ತದೆ, ಕೋಣೆಯಲ್ಲಿ ಕೂತು ಆಟ ಮಾಡುವ ಇಬ್ಬರು ಹುಡುಗರು ಪೂರ್ತಿ ಮೂವತ್ತು ಕೊಡುತ್ತಾರೆ. ಆಪಲ್ ಇದಕ್ಕೆ ಉಲ್ಟಾ ಮಾಡಿತು. 2021ರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಗಳಿಸುವ ಸಣ್ಣವರಿಗೆ ಹದಿನೈದೇ ಸಾಕು ಎಂದಿತು. ಅದೇ ವರ್ಷ ಗೂಗಲ್ ಕೂಡ ಮೊದಲ ಹತ್ತು ಲಕ್ಷ ಡಾಲರ್‌ವರೆಗೆ ಹದಿನೈದಕ್ಕೆ ಇಳಿಯಿತು, ಮೈಕ್ರೋಸಾಫ್ಟ್ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಆಟಗಳಿಗೆ ಹನ್ನೆರಡು ಸಾಕು ಎಂದಿತು. ಇವರಿಗೇನು ಹಠಾತ್ತಾಗಿ ಕರುಣೆ ಉಕ್ಕಿತೆಂದು ತಿಳಿಯಬೇಡಿ. 2020ರ ಆಗಸ್ಟಿನಲ್ಲಿ ಎಪಿಕ್ ತನ್ನ 'ಫೋರ್ಟ್‌ನೈಟ್' ಆಟದಲ್ಲಿ ಆಪಲ್‌ಗೂ ಗೂಗಲ್‌ಗೂ ಪಾಲು ಕೊಡದೆ ನೇರ ದುಡ್ಡು ತೆಗೆದುಕೊಳ್ಳುವ ಬಟನ್ ಹಾಕಿತು. ಇಬ್ಬರೂ ಆಟವನ್ನು ಕಿತ್ತುಹಾಕಿದರು, ಎಪಿಕ್ ಇಬ್ಬರ ಮೇಲೂ ಕೇಸು ಹಾಕಿತು. ಕೋರ್ಟಿನ ಬಿಸಿ ಇಲ್ಲದೆ ಯಾವ ಅಂಗಡಿಯವನೂ ಮಾರ್ಜಿನ್ ಇಳಿಸಿದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ದೇಶದಲ್ಲೂ ಇದರ ಬಿಸಿ ತಟ್ಟಿದೆ. ಪ್ಲೇಸ್ಟೋರಿನಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಪದ್ಧತಿಯ ಬಗ್ಗೆ 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಬಹಳಷ್ಟು ಇಳಿಯಿತು. 2024ರ ಮಾರ್ಚಿನಲ್ಲಿ ಇದೇ ಪಾಲಿನ ಜಗಳದಲ್ಲಿ ಭಾರತ್ ಮ್ಯಾಟ್ರಿಮನಿ, ನೌಕರಿಯಂಥ ಆಪ್‌ಗಳೇ ಪ್ಲೇಸ್ಟೋರಿನಿಂದ ಮಾಯವಾಗಿ, ಕೇಂದ್ರ ಸರಕಾರ ನಡುವೆ ಬಂದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಬಂದವು. ಮದುವೆ ಮಾಡಿಸುವವರಿಗೂ ಅಂಗಡಿ ಬಾಡಿಗೆ ತಪ್ಪಿದ್ದಲ್ಲ.

ಮೂವತ್ತು ಬರೀ ಲೂಟಿ ಅಂತಲೂ ಹೇಳಲಾರೆ. ಒಂದು ಸಲ ಹಾಕಿದ ಆಟವನ್ನು ಪ್ರಪಂಚದ ಯಾವ ಮೂಲೆಯವನು ಎಷ್ಟು ಸಲ ಇಳಿಸಿಕೊಂಡರೂ ಖರ್ಚು ಅಂಗಡಿಯದ್ದು. ಹತ್ತಾರು ದೇಶದ ತೆರಿಗೆ, ಬ್ಯಾಂಕು, ಕಾರ್ಡಿನ ಮೋಸ, ವಾಪಸಾತಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಇನ್ನೂ ಒಂದಿದೆ. ಸ್ಟೀಮಿನಲ್ಲಿ ಇರುವ ಆಟಕ್ಕೆ 'ಕೀ' ಎಂಬ ಸಂಖ್ಯೆಗಳನ್ನು ಪಡೆದು ಮಾಡಿದವನೇ ಬೇರೆ ಕಡೆ ಮಾರಿಕೊಳ್ಳಬಹುದು, ಅದರಲ್ಲಿ ವಾಲ್ವ್ ಪಾಲು ಕೇಳುವುದಿಲ್ಲ. ಆದರೆ ಬೇರೆ ಕಡೆ ಅಗ್ಗಕ್ಕೆ ಮಾರಲು ವಾಲ್ವ್ ಬಿಡುವುದಿಲ್ಲ ಎಂದು ವುಲ್ಫೈರ್ ಎಂಬ ಸಣ್ಣ ಕಂಪನಿ 2021ರಲ್ಲಿ ಅಮೆರಿಕದ ಕೋರ್ಟಿಗೆ ಹೋಗಿದೆ. ವಾಲ್ವ್ ಅದನ್ನು ಒಪ್ಪುವುದಿಲ್ಲ.

ಅಂಗಡಿಯಲ್ಲಿ ಜಾಗ ಸಿಗುವುದು ಈಗ ಕಷ್ಟವೇನಲ್ಲ. 2017ರಿಂದ ಪದ್ಧತಿ ಸರಳ. ಪ್ರತಿ ಆಟಕ್ಕೆ ನೂರು ಡಾಲರ್ ಕಟ್ಟಬೇಕು, ಗುರುತು, ಬ್ಯಾಂಕು, ತೆರಿಗೆಯ ಕಾಗದ ಕೊಡಬೇಕು, ಮೂವತ್ತು ದಿನ ಕಾಯಬೇಕು. 'ಶೀಘ್ರದಲ್ಲಿ ಬರಲಿದೆ' ಎಂಬ ಪುಟ ಕನಿಷ್ಠ ಎರಡು ವಾರ ಇರಬೇಕು. ಆಟ ಸಾವಿರ ಡಾಲರ್ ವ್ಯಾಪಾರ ಮಾಡಿದರೆ ಆ ನೂರು ಡಾಲರ್ ವಾಪಸ್. ಕಷ್ಟ ಇರುವುದು ಕಾಣಿಸಿಕೊಳ್ಳುವುದರಲ್ಲಿ. 2024 ಒಂದೇ ವರ್ಷದಲ್ಲಿ ಸ್ಟೀಮಿಗೆ ಬಂದ ಆಟಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಐವತ್ತರ ಲೆಕ್ಕ. ನನ್ನ ಹಪ್ಪಳದ ಕಟ್ಟು ಕೌಂಟರಿನ ಮೇಲಿದ್ದರೆ ವಾರಕ್ಕೆ ನಲವತ್ತು ಹೋಗುತ್ತದೆ, ಕೆಳಗಿನ ಹಲಗೆಯಲ್ಲಿ ಫಿನೈಲಿನ ಪಕ್ಕ ಇಟ್ಟರೆ ನಾಲ್ಕು. ಅಲ್ಲಿ ಹಲಗೆ ನಿರ್ಧರಿಸುವುದು ಮನುಷ್ಯರಲ್ಲ, ಲೆಕ್ಕಾಚಾರದ ಯಂತ್ರ. ಎಷ್ಟು ಜನ ವಿಶ್‌ಲಿಸ್ಟಿಗೆ ಹಾಕಿದರು, ಎಷ್ಟು ಜನ ಕೊಂಡರು ಎಂದೆಲ್ಲ ನೋಡಿಕೊಂಡು ಅದು ಮೇಲೆತ್ತುತ್ತದೆ ಅಥವಾ ಮರೆಯುತ್ತದೆ. ಹತ್ತು ಅಭಿಪ್ರಾಯ ಬರುವವರೆಗೆ ಆಟಕ್ಕೆ 'ಒಳ್ಳೆಯದು', 'ಸಾಧಾರಣ' ಎಂಬ ಮುದ್ರೆಯೂ ಬೀಳುವುದಿಲ್ಲ.

ಹತ್ತೇ ತಾನೆ! ನಾನು ತಕ್ಷಣ ನಮ್ಮ ಕುಟುಂಬದ ವಾಟ್ಸ್ಆಪ್ ಗುಂಪಿಗೆ ಹಾಕಿದೆ: 'ಎಲ್ಲರೂ ಒಳ್ಳೆಯ ಮಾತು ಬರೆಯಿರಿ.' ಹತ್ತು ನಿಮಿಷದಲ್ಲಿ ಮಾಣಿಯ ಫೋನು.

"ಚಿಕ್ಕಿ, ಅಳಿಸು! ಅದು ಅವರ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ರೆ ಆಟನೇ ತೆಗೀತಾರೆ."

"ಪುಕ್ಕಟೆ ಕೊಟ್ಟು ಬರೆಸಿದ್ರೆ?"

"ಪುಕ್ಕಟೆ ಕೀ ತಗೊಂಡವರ ಅಭಿಪ್ರಾಯ ಲೆಕ್ಕಕ್ಕೇ ಬರೋದಿಲ್ಲ. ಬೇಕಿದ್ದವರು ಕೊಳ್ಳಲಿ, ಆಡಲಿ, ಅನ್ನಿಸಿದ್ದು ಬರೀಲಿ. ಚೆನ್ನಾಗಿಲ್ಲ ಅಂದ್ರೂ ಬರೀಲಿ."

ನಾನು ಅಳಿಸಿದೆ. ಅಷ್ಟರಲ್ಲಿ ಶಿರಸಿಯ ಭಾವ 'ಫೋನಿನಲ್ಲಿ ಬರುವುದಿಲ್ಲವೇ?' ಎಂದು ಕೇಳಿದ್ದರು, ಧಾರವಾಡದ ಅತ್ತಿಗೆ ಹಾರದ ಚಿತ್ರ ಹಾಕಿ 'ಅಭಿನಂದನೆಗಳು' ಎಂದಿದ್ದರು. ಹದಿನೇಳು ಜನ ಮಾತ್ರ ನಿಜವಾಗಿ ಕೊಂಡರು.

ಆ ಹದಿನೇಳರಲ್ಲಿ ಒಬ್ಬರು, ನಮ್ಮ ಹತ್ತಿರದ ಸಂಬಂಧಿಕರೇ, ಮರುದಿನ ಮೆಸೇಜ್ ಹಾಕಿದರು: 'ಆಡಿ ಮುಗಿಸಿದೆವು. ಬಹಳ ಚೆನ್ನಾಗಿದೆ. ಅಜ್ಜಿಯ ಕಥೆ ಕೇಳಿ ಕಣ್ಣಲ್ಲಿ ನೀರು ಬಂತು. ಒಂದು ಗಂಟೆ ಐವತ್ತು ನಿಮಿಷದಲ್ಲಿ ಮುಗಿಯಿತಲ್ಲ, ಹಾಗಾಗಿ ವಾಪಸ್ ಕೊಟ್ಟೆವು. ದುಡ್ಡು ಬಂತು.'

2015ರಿಂದ ಸ್ಟೀಮಿನಲ್ಲಿ ಒಂದು ನಿಯಮವಿದೆ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ, ದುಡ್ಡು ವಾಪಸ್. ಗಿರಾಕಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ. ನನ್ನ 499 ರೂಪಾಯಿಯ ಕಥೆ ಕೇಳಿದ ಮೇಲೆ ನೀವೂ ಒಪ್ಪುತ್ತೀರಿ. ಆದರೆ ಎರಡು ಗಂಟೆಯೊಳಗೆ ಮುಗಿಯುವ ಸಣ್ಣ ಆಟ ಮಾಡಿದವನ ಗತಿ? 2021ರಲ್ಲಿ 'ಸಮ್ಮರ್ ಆಫ್ 58' ಎಂಬ ಸಣ್ಣ ಆಟ ಮಾಡಿದವರು, ಜನ ಆಡಿ ಮುಗಿಸಿ, ಹೊಗಳಿ, ಹಿಂದಿರುಗಿಸುತ್ತಿದ್ದಾರೆ, ಹೀಗಾದರೆ ಆಟ ಮಾಡುವುದನ್ನೇ ನಿಲ್ಲಿಸಬೇಕಾಗುತ್ತದೆ ಎಂದು ಹೇಳಿಕೊಂಡಿದ್ದರು. ಹಪ್ಪಳ ಎಲ್ಲ ಕರಿದು ತಿಂದು, 'ರುಚಿಯಾಗಿತ್ತು' ಎಂದು ಖಾಲಿ ಪ್ಲಾಸ್ಟಿಕ್ ತಂದುಕೊಟ್ಟು ದುಡ್ಡು ಕೇಳಿದರೆ ನಾನೇನು ಮಾಡುತ್ತಿದ್ದೆ? ಅವರು ನಮ್ಮ ಮನೆಗೆ ಚೌತಿಗೆ ಬಂದರು. ಕಡುಬು ಬಡಿಸಿದೆ. ಏನೂ ಹೇಳಲಿಲ್ಲ.

ಆದರೆ ಮಾಣಿಗೆ ಹೇಳಿದೆ, "ಇನ್ನೂ ಅರ್ಧ ಗಂಟೆ ಜಾಸ್ತಿ ಎಳೆದುಬಿಡು ಮಾರಾಯ."

"ಕಥೆ ಅಷ್ಟೇ ಇರೋದು ಚಿಕ್ಕಿ. ಎಳೆದರೆ ಕೆಡ್ತದೆ" ಅಂದ.

ಮೊದಲ ತಿಂಗಳು ಸ್ಟೀಮಿನಲ್ಲಿ 212 ಹೋಗಿ, 19 ವಾಪಸ್ ಬಂದವು. ಇಲ್ಲಿಯವು, ಹೊರದೇಶದವು ಎಲ್ಲ ಸೇರಿ, ಅಂಗಡಿಯ ಪಾಲು, ಅಮೆರಿಕದಲ್ಲಿ ಆದ ಮಾರಾಟದ ಮೇಲೆ ಅಲ್ಲಿನ ತೆರಿಗೆ ಕಳೆದು ಬರಬೇಕಾದದ್ದು 39 ಸಾವಿರದ ಚಿಲ್ಲರೆ. ಅದೂ ತಿಂಗಳು ಮುಗಿದು ಇನ್ನೊಂದು ತಿಂಗಳ ಕೊನೆಗೆ. ಬಂದದ್ದು ಡಾಲರು, ನಿಂತದ್ದು ಇವನ ಬ್ಯಾಂಕಿನಲ್ಲಿ. 'ಪರ್ಪಸ್ ಕೋಡ್' ಕೊಡಿ, ಇನ್‌ವಾಯ್ಸ್ ಕೊಡಿ ಅಂತ ಬ್ಯಾಂಕಿನವರು ಕೇಳಿದರು. ಆಟ ಮಾರಿದ್ದು ಅಂದರೆ, "ಏನು ಆಟ? ದುಡ್ಡು ಕಟ್ಟಿ ಆಡೋ ಆಟವಾ?" ಅಂತ ಅನುಮಾನ. ಅವರದ್ದೂ ತಪ್ಪಲ್ಲ ಅನ್ನಿ, 2025ರಲ್ಲಿ ದುಡ್ಡು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸರಕಾರ ನಿಷೇಧಿಸಿದ ಮೇಲೆ 'ಗೇಮ್' ಅಂದರೆ ಎಲ್ಲರಿಗೂ ಒಂದೇ ಅರ್ಥ. ಇವನು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಮ್ಯಾನೇಜರಿಗೆ ಅಡಿಕೆ ಒಣಗಿಸಿ ತೋರಿಸಿದ. ಅವರು ತೀರ್ಥಹಳ್ಳಿ ಕಡೆಯವರಂತೆ. ಹತ್ತು ನಿಮಿಷ ಆಡಿ, "ಚೊಗರಿನ ಬಣ್ಣ ಸರಿಯಾಗಿದೆ ಕಣ್ರೀ" ಅಂದರಂತೆ. ಆ ಸಂಜೆ ದುಡ್ಡು ಜಮಾ ಆಯಿತು.

ಮೂರು ವರ್ಷಕ್ಕೆ 39 ಸಾವಿರ. ಇಬ್ಬರಿಗೆ.

ನಾನು ಅವನನ್ನು ಕೇಳಲೇಬೇಕಾಯಿತು, ಇದರಿಂದ ಹೊಟ್ಟೆ ತುಂಬುತ್ತದಾ ಅಂತ. ಅವನು ಉತ್ತರ ಕೊಡದೆ ಪುಣೆಯ ಹುಡುಗರು 2020ರಲ್ಲಿ ಹೊರತಂದ 'ರಾಜಿ' ಎಂಬ ಆಟ ತೋರಿಸಿದ. ಆಮೇಲೆ 'ವೆಂಬಾ' ಎಂದು ಇನ್ನೊಂದು. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳು ಇಡ್ಲಿ, ಪುಟ್ಟು ಮಾಡುತ್ತ ಮಗನನ್ನು ಬೆಳೆಸುವ ಕಥೆ. 2023ರಲ್ಲಿ ಬಂದದ್ದು, ಟೊರಾಂಟೋದ ಸಣ್ಣ ತಂಡದ್ದು, ಸಣ್ಣ ಆಟವೇ. ಮರುವರ್ಷ ಸ್ವತಂತ್ರ ಆಟಗಳ ಹಬ್ಬದಲ್ಲಿ ಅದಕ್ಕೇ ಅತಿ ದೊಡ್ಡ ಬಹುಮಾನ ಬಂತು. ನಮ್ಮ ಬೆಂಗಳೂರೇನು ಹಿಂದೆ ಬಿದ್ದದ್ದಲ್ಲ, ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ 1997ರಲ್ಲೇ ಇಲ್ಲಿ ಶುರುವಾಯಿತು, 2012ರಲ್ಲೇ ನಮ್ಮ ಸರಕಾರ ಅನಿಮೇಷನ್ ಮತ್ತು ಗೇಮಿಂಗಿಗೆ ಅಂತ ನೀತಿಯನ್ನೂ ಮಾಡಿತು. ಆದರೆ ಇಲ್ಲಿ ಬಹಳಷ್ಟು ಮಂದಿ ಮಾಡುವುದು ಹೊರಗಿನವರ ಆಟಕ್ಕೆ ಮರ, ಕಲ್ಲು, ಕಾರು ಬಿಡಿಸಿಕೊಡುವ ಕೆಲಸ. ಇವನೂ ಆರು ವರ್ಷ ಮಾಡಿದ್ದು ಅದನ್ನೇ. "ಯಾರದ್ದೋ ಕಾಡಿಗೆ ಸಾವಿರ ಮರ ಬಿಡಿಸಿದೆ ಚಿಕ್ಕಿ, ಒಂದಾದ್ರೂ ಅಡಿಕೆ ಮರ ಬಿಡಿಸ್ಬೇಕು ಅನ್ನಿಸ್ತು" ಅಂದ. ಅದಕ್ಕೆ ಏನು ಹೇಳಲಿ.

ಮನೆಯಲ್ಲಿ ಮಕ್ಕಳಿರುವ ಓದುಗರಿಗಾಗಿ ಒಂದೆರಡು ಮಾತು ಸೇರಿಸುತ್ತೇನೆ. 2024ರಿಂದ ಸ್ಟೀಮಿನಲ್ಲಿ ಕುಟುಂಬದ ಖಾತೆ ಇದೆ, ಒಂದೇ ಮನೆಯ ಆರು ಜನ ಸೇರಬಹುದು. ಒಬ್ಬರು ಕೊಂಡದ್ದನ್ನು ಇನ್ನೊಬ್ಬರು ಆಡಬಹುದು. ಮಗು ಎಷ್ಟು ಹೊತ್ತು ಆಡಬೇಕು, ಯಾವ ಆಟ ಆಡಬೇಕು ಅಂತ ದೊಡ್ಡವರು ಕಟ್ಟಿಡಬಹುದು. ಮಗು ಏನಾದರೂ ಕೊಳ್ಳಬೇಕಾದರೆ ನಿಮಗೆ ಕೋರಿಕೆ ಬರುತ್ತದೆ, ದುಡ್ಡು ಕಟ್ಟುವುದು ನೀವು. ಕಾರ್ಡಿನ ನಂಬರನ್ನು ಮಗುವಿನ ಖಾತೆಯಲ್ಲಿ ಉಳಿಸಿಡಬೇಡಿ. ಇನ್ನೊಂದು: ನೀವು ಕೊಳ್ಳುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು. 2024ರ ಅಕ್ಟೋಬರಿನಿಂದ ಸ್ಟೀಮ್ ಇದನ್ನು ದುಡ್ಡು ಕಟ್ಟುವ ಪುಟದಲ್ಲೇ ಬರೆಯುತ್ತಿದೆ. ಅದೇ ವರ್ಷ ಯೂಬಿಸಾಫ್ಟ್ ಎಂಬ ಕಂಪನಿ 'ದಿ ಕ್ರೂ' ಎಂಬ ಕಾರಿನ ಆಟದ ಸರ್ವರ್ ಮುಚ್ಚಿದಾಗ ದುಡ್ಡು ಕೊಟ್ಟು ಕೊಂಡವರೂ ಆಡಲಾಗದೆ ಕೂತರು. ಪೂರ್ತಿ ನಿಮ್ಮ ಕೈಲೇ ಇರಬೇಕೆಂದರೆ ಜಿಓಜಿ ಎಂಬ ಪೋಲೆಂಡಿನ ಅಂಗಡಿ ಬೀಗವಿಲ್ಲದ ಆಟಗಳನ್ನು ಮಾರುತ್ತದೆ. ಇಳಿಸಿಟ್ಟುಕೊಂಡರೆ ಆಯಿತು, ಅಂಗಡಿ ಮುಚ್ಚಿದರೂ ಆಟ ನಡೆಯುತ್ತದೆ.

ಅಕ್ಕನಿಗೆ ವಿಷಯ ಗೊತ್ತಾದದ್ದು ದೀಪಾವಳಿಗೆ. ಮಾಣಿ ಊರಿಗೆ ಬಂದಿದ್ದ. ಅಕ್ಕ ಅವನ ಎದುರು ಬಾರದೆ ಅಡುಗೆಮನೆಯಲ್ಲೇ ಸುಳಿದಾಡುತ್ತಿದ್ದಳು. ನಾನು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು, ಶಬ್ದ ಜಾಸ್ತಿ ಮಾಡಿದೆ. ಆಟದ ಮಳೆ ಶುರುವಾಯಿತು. ಹಂಚಿನ ಮೇಲೆ ಬೀಳುವ ಮಳೆ, ಅವನು ನಮ್ಮ ತವರುಮನೆಯ ಜಗುಲಿಯಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಆಮೇಲೆ ಕೂತಳು. ಆಮೇಲೆ, "ಇತ್ತ ಕೊಡು" ಅಂತ ಮೌಸ್ ಇಸಕೊಂಡಳು.

ಎರಡು ಮಳೆ ಕಳೆಯುವಷ್ಟರಲ್ಲಿ ಅವಳಿಗೆ ರೇಗಿತು. "ಇದ್ಯಾರು ಹೀಗೆ ಟಾರ್ಪಾಲು ಎಳೆಯೋದು? ಹರವಿದ ಹಾಗೇ ಮುಚ್ಚಿದ್ರೆ ಅಂಚಿನದ್ದೆಲ್ಲ ನೆನೆಯೋದಿಲ್ವಾ? ಮೊದಲು ಅಡಿಕೆ ನಡುವಿಗೆ ಗುಡ್ಡೆ ಮಾಡ್ಕೋಬೇಕು. ಆಮೇಲೆ ಟಾರ್ಪಾಲು. ಇಷ್ಟೂ ಗೊತ್ತಿಲ್ದೆ ಆಟ ಮಾಡಿದ್ದಾನೆ!"

ಬಾಗಿಲ ಹತ್ತಿರ ನಿಂತಿದ್ದವನು ಒಳಗೆ ಬಂದ. "ಹೇಗೆ ಗುಡ್ಡೆ ಮಾಡೋದು, ತೋರಿಸು" ಅಂದ. ಎಂಟು ತಿಂಗಳು ಮಾತಿಲ್ಲದ ತಾಯಿಮಗ ರಾತ್ರಿ ಒಂದು ಗಂಟೆಯವರೆಗೆ ಜಗುಲಿಯಲ್ಲಿ ಕೂತು ಹರಿವಾಣದಲ್ಲಿ ಅಡಿಕೆ ಹರವಿ ಎಳೆದು ನೋಡಿದರು.

ಆಟದ ಲೆಕ್ಕ ಫೆಬ್ರವರಿಯಲ್ಲಿ ಸಾವಿರ ಡಾಲರ್ ದಾಟಿ, ಕಟ್ಟಿದ್ದ ನೂರು ಡಾಲರ್ ವಾಪಸ್ ಬಂತು. ಅವನು ಈಗ ಬೆಳಿಗ್ಗೆ ಒಂದು ಕಡೆ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಎರಡನೇ ಆಟ. ನನ್ನ ಎರಡು ಲಕ್ಷದಲ್ಲಿ ಹದಿನೈದು ಸಾವಿರ ತೀರಿದೆ.

ದೀಪಾವಳಿ ಕಳೆದು ನಾಲ್ಕನೇ ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಆಟ ತಾನಾಗಿ ಹೊಸದಾಯಿತು. ಕೊಂಡವರೆಲ್ಲರಿಗೂ ಪುಕ್ಕಟೆ. ಏನು ಬದಲಾಗಿದೆ ಅಂತ ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಸಾಲು ಇತ್ತು: 'ಟಾರ್ಪಾಲು ಎಳೆಯುವ ಮೊದಲು ಅಡಿಕೆ ಗುಡ್ಡೆ ಮಾಡಬೇಕು. ತಪ್ಪು ತಿದ್ದಿದವರು: ಅಮ್ಮ.'